ತೊಟ್ಟಿಲು ಕಟ್ಟಿದವರ ಹೊಣೆ

ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿನಲ್ಲೆಲ್ಲ ಹೆಸರುವಾಸಿಯಾದುದು. ಆದರೆ ತೊಟ್ಟಿಲ ಕೂಸು ಅತ್ತರೆ ಇಂದು ಜೋಗುಳಕ್ಕೆ ಬದಲಾಗಿ ಮೊಬೈಲು ಮುಂದೆ ಬರುತ್ತದೆ. ಒಂದು ವರ್ಷ ತುಂಬದ ಕೂಸಿಗೆ ಪರದೆಯ ನೋಟವೇ ಕೂಡದು, 2ರಿಂದ 4 ವರ್ಷದವರಿಗೆ ದಿನಕ್ಕೊಂದು ಗಂಟೆಗಿಂತ ಹೆಚ್ಚು ಸಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿಯೇ ಸಾರಿತು. ಅದನ್ನು ಕೇಳದ ಹಿರಿಯರೇ ಮುಂದೆ 'ಕಾಲ ಕೆಟ್ಟಿತು, ಮಕ್ಕಳು ಕೆಟ್ಟರು' ಎಂದು ಹಲುಬುತ್ತಾರೆ. ಇದೆಂತಹ ನ್ಯಾಯವು!

ಊಟದ ಮಾತೂ ಹೀಗೆಯೇ. ನವಲಗುಂದ, ಅಣ್ಣಿಗೇರಿಗಳ ಎರೆಹೊಲಗಳು ಜೋಳವನ್ನೂ ಕಡಲೆಯನ್ನೂ ಬೆಳೆದು ಕೊಡುತ್ತವೆ. ಸರಕಾರವು 2013ರಿಂದ ಕ್ಷೀರಭಾಗ್ಯದ ಹಾಲನ್ನು ಶಾಲೆಗೇ ಮುಟ್ಟಿಸುತ್ತಿದೆ. ಆದರೆ ಬಿಸಿ ರೊಟ್ಟಿಯನ್ನು ಬಡವರ ಊಟವೆಂದು ಹಳಿದು, ಅಂಗಡಿಯ ಕುರುಕಲು ಪೊಟ್ಟಣವನ್ನು ಅಕ್ಕರೆಯ ಕುರುಹೆಂದು ಕೊಡಿಸುವ ಕೈ ಮನೆಯದೇ. ಶಾಲೆಯ ಒಂದು ಲೋಟ ಹಾಲು ಮನೆಯ ರೂಢಿಯನ್ನು ತಿದ್ದಬಲ್ಲುದೆ?

ಇನ್ನು ನೀತಿಯ ಮಾತು. ಎಳೆಯರಿಗೆ ತಂಬಾಕು ಮಾರಕೂಡದೆಂದು 2003ರಲ್ಲಿಯೇ ಕಾಯಿದೆಯಾಯಿತು. ಹೀಗಿದ್ದೂ ಮಗನ ಕೈಯಿಂದಲೇ ತಂಬಾಕಿನ ಚೀಟು ತರಿಸುವ ತಂದೆಯು ಅವನಿಗೆ ಸದಾಚಾರವನ್ನು ಯಾವ ಬಾಯಿಂದ ಹೇಳಿಯಾನು?

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ' ಎಂಬ ಗಾದೆಯನ್ನು ಹಿರಿಯರು ಮರೆತಿಲ್ಲ. ಅವರು ಮರೆತದ್ದು 'ನೂಲಿನಂತೆ ಸೀರೆ' ಎಂಬುದನ್ನು. ಮಕ್ಕಳು ಕಿವಿಯಿಂದ ಕಲಿಯುವುದು ಕೊಂಚ, ಕಣ್ಣಿನಿಂದ ಕಲಿಯುವುದೇ ಬಹಳ. ಸಂಜೆಯ ಒಂದು ಹೊತ್ತಾದರೂ ಮೊಬೈಲನ್ನು ಗೂಡಿನಲ್ಲಿಟ್ಟು, ಕೈಕಾಲು ತೊಳೆದು, ಮಕ್ಕಳೊಡನೆ ರೊಟ್ಟಿ ಮುರಿಯುತ್ತ ಅವರ ಮಾತನ್ನು ಕೇಳುವ ಮನೆಗೆ ಬೇರೆ ಉಪದೇಶದ ಅಗತ್ಯವಿಲ್ಲ. ಅಷ್ಟನ್ನೂ ಮಾಡಲಾರದವರಿಗೆ ಮಕ್ಕಳನ್ನು ದೂರುವ ಅಧಿಕಾರವೂ ಇಲ್ಲ.