ಎಳೆ ತಪ್ಪಬಾರದ ಉತ್ತರ

ಬನಹಟ್ಟಿಯ ಮಗ್ಗದಲ್ಲಿ ಹಾಸಿನ ಎಳೆಯೊಂದು ಕಡಿದರೆ ನೇಕಾರ ಅದೇ ಎಳೆಯ ತುದಿ ಹುಡುಕಿ ಗಂಟು ಹಾಕುತ್ತಾನೆ. ಪಕ್ಕದ ಎಳೆಗೆ ಹಾಕಿದನೋ, ಸೀರೆ ಕೆಟ್ಟಿತು.

ಕಚೇರಿಯ ನೌಕರರು ಕಂಪ್ಯೂಟರಿನಲ್ಲೇ ಮಾತಾಡಿಕೊಳ್ಳುವ ‘ಸ್ಲ್ಯಾಕ್’ನಲ್ಲಿಯೂ 2017ರಲ್ಲಿ ಇಂಥ ಎಳೆ, ಅಂದರೆ ‘ಥ್ರೆಡ್’, ಬಂತು. ಒಂದು ಪ್ರಶ್ನೆಯ ಉತ್ತರಗಳೆಲ್ಲ ಅದರ ಕೆಳಗೇ ಸೇರುತ್ತವೆ. ಈಗ ಅಲ್ಲಿ ಕೃತಕ ಬುದ್ಧಿಮತ್ತೆಯ ಸಹಾಯಕವೂ ಉತ್ತರಿಸುತ್ತದೆ.

ಅದಕ್ಕೆ ಎಳೆ ತಿಳಿಯುವುದು ಹೇಗೆ? ತಾನಾಗಿ ತಿಳಿಯದು. ಪ್ರತಿ ಸಂದೇಶಕ್ಕೂ ಅದು ಬಂದ ವೇಳೆಯನ್ನು ಸೂಚಿಸುವ ಸಂಖ್ಯೆಯಿರುತ್ತದೆ. ನಡುವೆ ನಿಂತ ಪ್ರೋಗ್ರಾಮು ಮೊದಲ ಸಂದೇಶದ ಸಂಖ್ಯೆಯನ್ನು ಉತ್ತರಕ್ಕೆ ಅಂಟಿಸಿ ಕಳಿಸಬೇಕು. ಮರೆತರೆ ಉತ್ತರ ಎಳೆಯಿಂದ ಹೊರಗೆ ಬೀಳುತ್ತದೆ. ‘ಹೌದು, ಅಳಿಸಬಹುದು’ ಎಂಬುದು ಯಾವ ಪ್ರಶ್ನೆಯದೆಂದು ತಿಳಿಯದೆ ಯಾರೋ ಬೇಕಾದ ಕಡತವನ್ನೇ ಅಳಿಸಿಯಾರು! ಭಾಷಾ ಮಾದರಿಗೆ ಹಿಂದಿನ ಮಾತೂ ತಾನಾಗಿ ನೆನಪಿರುವುದಿಲ್ಲ. ಪ್ರತಿ ಸಲವೂ ಎಳೆಯನ್ನು ಮೊದಲಿನಿಂದ ಒಪ್ಪಿಸಬೇಕು.

ಇನ್ನೊಂದು ತೊಡಕು. ಸಂದೇಶ ಮುಟ್ಟಿತೆಂದು 3 ಸೆಕೆಂಡಿನೊಳಗೆ ತಿಳಿಸದಿದ್ದರೆ ಸ್ಲ್ಯಾಕ್ ಅದನ್ನೇ ಮತ್ತೆ ಕಳಿಸುತ್ತದೆ. ಉತ್ತರ ಸಿದ್ಧವಾಗಲು ಹೆಚ್ಚು ಹೊತ್ತು ಬೇಕಾಗಬಹುದು. ಆದ್ದರಿಂದ ಮೊದಲು ‘ಮುಟ್ಟಿತು’ ಎನ್ನಬೇಕು, ಉತ್ತರ ಆಮೇಲೆ. ಇಲ್ಲವಾದರೆ ಒಂದೇ ಪ್ರಶ್ನೆಗೆ ಎರಡು ಮೂರು ಉತ್ತರ.

ಇದರಲ್ಲಿ ಕೃತಕ ಬುದ್ಧಿ ಎಲ್ಲಿದೆ ಎಂದು ಪಾಲಕರು ಕೇಳಬಹುದು. ಇದೆಲ್ಲ ಸಾದಾ ಪ್ರೋಗ್ರಾಮಿಂಗ್. ಪಿಯುಸಿ ಓದುತ್ತ ಪೈಥಾನ್ ಕಲಿಯುವ ಜಮಖಂಡಿ, ಮುಧೋಳ, ಬೀಳಗಿಯ ಮಕ್ಕಳಿಗೂ ನಿಲುಕುವಂಥದು. ‘ಕಳಿಸಿದವನು ನಾನೇ ಆದರೆ ಉತ್ತರಿಸಬೇಡ’ ಎಂಬ ಒಂದು ಸಾಲನ್ನು ಅವರು ಬಿಟ್ಟು ನೋಡಲಿ: ಯಂತ್ರ ತನ್ನ ಮಾತಿಗೆ ತಾನೇ ಉತ್ತರಿಸುತ್ತ ಹೋಗುತ್ತದೆ, ಯಾರಾದರೂ ಬಂದು ನಿಲ್ಲಿಸುವವರೆಗೆ.