ಸಲಕರಣೆ ಬಿಚ್ಚಿಟ್ಟ ಮೇಲಿನ ಈಜು

ಬೇಸಗೆ ಬಂತೆಂದರೆ ನಮ್ಮ ಹೈದರಾಬಾದಿನ ಈಜುಕೊಳಗಳಿಗೆ ಜಾತ್ರೆಯ ಕಳೆ ಬರುತ್ತದೆ. ರಜೆಯಲ್ಲಿ ನೀರಾಟಕ್ಕೆಂದು ಇಳಿದ ಮಗು ಒಂದೆರಡು ವರ್ಷಗಳಲ್ಲಿ ಸ್ಪರ್ಧೆ, ಪದಕ ಎಂಬ ಮಾತುಗಳನ್ನು ಆಡತೊಡಗುತ್ತದೆ. ಅದರ ಹಿಂದೆಯೇ ಮನೆಗೊಂದು ಪಟ್ಟಿ ಬರುತ್ತದೆ: ಕಿಕ್‌ಬೋರ್ಡು, ಪುಲ್‌ಬಾಯ್, ಪ್ಯಾಡಲ್, ಫಿನ್ಸ್, ಸ್ನಾರ್ಕೆಲ್, ಇವನ್ನೆಲ್ಲ ಹೊರಲು ಒಂದು ಬಲೆಚೀಲ. ತಂದೆಯ ಕೈ ಜೇಬಿನ ಕಡೆ ಹೋಗುತ್ತದೆ, ತಾಯಿ ಮಾತ್ರ, “ಇವೆಲ್ಲ ನಿಜವಾಗಿ ಬೇಕೇನ್ರೀ?” ಎನ್ನುತ್ತಾಳೆ. ನ್ಯಾಯವಾದ ಪ್ರಶ್ನೆ. ಈ ಸಲದ ಅಂಕಣಕ್ಕೆ ಅದನ್ನೇ ಎತ್ತಿಕೊಂಡಿದ್ದೇವೆ.

ಈಜಿಗೆ ಆಸರೆ ಹೊಸದಲ್ಲ. ನಮ್ಮ ಹಳ್ಳಿಗಳ ಬಾವಿಗಳಲ್ಲಿ ಹುಡುಗರ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ ನೀರಿಗೆ ಇಳಿಸುತ್ತಿದ್ದರು. ಕೈಕಾಲಿನ ಹದ ಬಂದೊಡನೆ ಹಗ್ಗ ಬಿಚ್ಚುತ್ತಿದ್ದರು. ಅತ್ತ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್, ಹದಿನೆಂಟನೆಯ ಶತಮಾನದ ಆದಿಯಲ್ಲಿ, ಇನ್ನೂ ಹುಡುಗನಾಗಿದ್ದಾಗ ಹೆಬ್ಬೆರಳಿಗೆ ತೂತು ಮಾಡಿದ ಎರಡು ಅಂಡಾಕಾರದ ಹಲಗೆಗಳನ್ನು ಕೈಗೆ ಹಿಡಿದು ಈಜಿದ. ಹಲಗೆಗಳು ಸುಮಾರು ೧೦ ಅಂಗುಲ ಉದ್ದ, ೬ ಅಂಗುಲ ಅಗಲ. ವೇಗವೇನೋ ಹೆಚ್ಚಿತು, ಆದರೆ ಮಣಿಕಟ್ಟು ದಣಿಯಿತೆಂದು ಆತನೇ ಬರೆದಿಟ್ಟಿದ್ದಾನೆ. ಇಂದಿನ ಪ್ಯಾಡಲ್‌ಗಳ ಗುಣ, ದೋಷ ಎರಡೂ ಆ ಒಂದು ಅನುಭವದಲ್ಲಿ ಅಡಗಿವೆ.

ನೀರು ಗಾಳಿಗಿಂತ ಸುಮಾರು ೮೦೦ ಪಟ್ಟು ಸಾಂದ್ರವಾದುದು. ಆದುದರಿಂದ ಈಜುಗಾರನಿಗೆ ಎರಡು ಕೆಲಸ: ನೀರನ್ನು ಹಿಂದಕ್ಕೆ ತಳ್ಳುವುದು, ತನ್ನ ಮೈ ನೀರಿಗೆ ಅಡ್ಡವಾಗದಂತೆ ನೋಡಿಕೊಳ್ಳುವುದು. ಸಲಕರಣೆಗಳು ಈ ಕೆಲಸಗಳನ್ನು ಬಿಡಿಬಿಡಿಯಾಗಿ ಕಲಿಸುತ್ತವೆ.

ಕಿಕ್‌ಬೋರ್ಡಿನ ಮೇಲೆ ಕೈಯಿಟ್ಟಾಗ ದುಡಿಮೆಯೆಲ್ಲ ಕಾಲಿನದು. ಆದರೆ ತಲೆ ಎತ್ತಿ ಮಾತಾಡುತ್ತ ಹೋದರೆ ಸೊಂಟ ಮುಳುಗಿ ಬೆನ್ನು ನೋಯುತ್ತದೆ. ಮುಖವನ್ನು ನೀರಿನಲ್ಲಿಟ್ಟು, ಉಸಿರಿಗೆ ಮಾತ್ರ ಎತ್ತುವುದು ಲೇಸು. ಪುಲ್‌ಬಾಯ್ ಎಂಬುದು ತೊಡೆಗಳ ನಡುವೆ ಹಿಡಿಯುವ ತೇಲುಗಟ್ಟಿ. ಅದು ಕಾಲನ್ನು ತೇಲಿಸುವುದರಿಂದ ಗಮನವೆಲ್ಲ ತೋಳಿನ ಮೇಲೆ ನಿಲ್ಲುತ್ತದೆ. ಕಾಲು ಮುಳುಗುವ ಮಕ್ಕಳಿಗೆ ಇದು ಬಲು ಪ್ರಿಯ. ಅಪಾಯವೂ ಅಲ್ಲೇ ಇದೆ, ಏಕೆಂದರೆ ದೋಷ ತಿದ್ದುವ ಬದಲು ಮುಚ್ಚಿಹೋಗುತ್ತದೆ. ಗಿಡ್ಡ ಫಿನ್ಸ್ ಕಾಲ್ಗಿಣ್ಣನ್ನು ಸಡಿಲಗೊಳಿಸಿ, ವೇಗದಲ್ಲಿ ಮೈ ಹೇಗಿರಬೇಕೆಂಬುದನ್ನು ತಿಳಿಸುತ್ತದೆ. ಮುಖದ ನಡುವೆ ನಿಲ್ಲುವ ಸ್ನಾರ್ಕೆಲ್ ಹಾಕಿದರೆ ಉಸಿರಿಗೆ ತಲೆ ತಿರುಗಿಸಬೇಕಿಲ್ಲ. ತಲೆ ಸ್ಥಿರವಾಗಿದ್ದರೆ ಕೈ ಎಲ್ಲಿ ತಪ್ಪುತ್ತಿದೆ ಎಂಬುದು ಗೊತ್ತಾಗುತ್ತದೆ.

ಎಲ್ಲಕ್ಕಿಂತ ಎಚ್ಚರ ಬೇಕಾದುದು ಪ್ಯಾಡಲ್ ವಿಷಯದಲ್ಲಿ. ಅಂಗೈ ದೊಡ್ಡದಾದಷ್ಟೂ ಭುಜದ ಕೀಲಿನ ಮೇಲೆ ಭಾರ ಹೆಚ್ಚು. ಬೆಳೆಯುವ ಮಕ್ಕಳಿಗೆ ಅಂಗೈಗಿಂತ ತುಸುವೇ ದೊಡ್ಡದಾದುದು, ಅದೂ ಗುರುವಿನ ಕಣ್ಣೆದುರಿನಲ್ಲಿ, ಸ್ವಲ್ಪ ದೂರಕ್ಕೆ ಮಾತ್ರ ಸಾಕು. ಮಣಿಕಟ್ಟಿನ ಪಟ್ಟಿಯನ್ನು ತೆಗೆದು, ಬೆರಳಿನ ಪಟ್ಟಿ ಮಾತ್ರ ಹಾಕಿ ಈಜಿಸುವ ಪದ್ಧತಿಯೊಂದುಂಟು: ಕೈ ವಕ್ರವಾಗಿ ಇಳಿದರೆ ಹಲಗೆ ಜಾರಿಬಿಡುತ್ತದೆ. ಬೈಯುವ ಶ್ರಮ ಗುರುವಿಗೆ ಉಳಿಯಿತು! ಭುಜ ನೋಯುತ್ತದೆಂದು ಮಗು ಹೇಳಿದರೆ ಆ ದಿನವೇ ಪ್ಯಾಡಲ್ ಬದಿಗಿಡತಕ್ಕದ್ದು.

ಇನ್ನು ಮುಖ್ಯ ಮಾತು. ಸ್ಪರ್ಧೆಯ ದಿನ ಇವಾವುವೂ ಜೊತೆಗೆ ಬರುವುದಿಲ್ಲ. ವೇಗಕ್ಕೋ ತೇಲುವುದಕ್ಕೋ ನೆರವಾಗುವ ಯಾವ ಸಾಧನಕ್ಕೂ ನಿಯಮದಲ್ಲಿ ಎಡೆಯಿಲ್ಲ. ಕನ್ನಡಕ, ಟೋಪಿ ಇರಬಹುದು. ಈಜುಡುಪಿನ ವಿಷಯದಲ್ಲೂ ಜಗತ್ತು ಈ ಪಾಠ ಕಲಿತಿದೆ. ೨೦೦೯ರಲ್ಲಿ ರೋಮ್ ನಗರದ ವಿಶ್ವ ಕೂಟದಲ್ಲಿ ಪಾಲಿಯುರೆಥೇನ್ ಉಡುಪುಗಳ ಭರಾಟೆಯಲ್ಲಿ ೪೩ ವಿಶ್ವದಾಖಲೆಗಳು ಮುರಿದವು. ೨೦೧೦ರ ಜನವರಿಯಿಂದ ಅಂಥ ಉಡುಪುಗಳಿಗೆ ನಿಷೇಧ ಬಿತ್ತು.

ಅದೇ ರೋಮ್‌ನಲ್ಲಿ ೨೦೨೧ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಶ್ರೀಹರಿ ನಟರಾಜ್ ೧೦೦ ಮೀಟರ್ ಬ್ಯಾಕ್‌ಸ್ಟ್ರೋಕನ್ನು ೫೩.೭೭ ಸೆಕೆಂಡಿನಲ್ಲಿ ಈಜಿದರು. ಟೋಕಿಯೋ ಒಲಿಂಪಿಕ್ಸಿಗೆ ನೇರ ಅರ್ಹತೆಯ ಕಾಲ ೫೩.೮೫. ಅಂತರ ಸೆಕೆಂಡಿನ ನೂರನೆಯ ಎಂಟು ಭಾಗ. ನೀರಿನಲ್ಲಿ ಅಳೆದರೆ ಒಂದು ಗೇಣಿಗೂ ಕಡಿಮೆ. ಬ್ಯಾಕ್‌ಸ್ಟ್ರೋಕಿನಲ್ಲಿ ಆರಂಭದಲ್ಲೂ ತಿರುವಿನಲ್ಲೂ ೧೫ ಮೀಟರಿನವರೆಗೆ ನೀರಿನೊಳಗೇ ಕಾಲು ಬಡಿದು ಸಾಗಬಹುದು. ಅಂಥ ಕಡೆ ಗೇಣುಗಳು ಗಳಿಕೆಯಾಗುತ್ತವೆ, ಕಳೆದೂ ಹೋಗುತ್ತವೆ. ೨೦೨೪ರಲ್ಲಿ ಬೆಂಗಳೂರಿನ ೧೪ ವರ್ಷದ ಧಿನಿಧಿ ದೇಸಿಂಗು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ೨೦೦ ಮೀಟರ್ ಫ್ರೀಸ್ಟೈಲ್ ಈಜಿದಾಗಲೂ ಜೊತೆಗಿದ್ದುದು ಅಭ್ಯಾಸದಿಂದ ಮೈಗೂಡಿದ್ದಷ್ಟೇ.

೨೦೦೨ರ ರಾಷ್ಟ್ರೀಯ ಕ್ರೀಡೆಗಳಿಗಾಗಿ ಕಟ್ಟಿದ ಗಚ್ಚಿಬೌಲಿಯ ಕೊಳವಿರಲಿ, ಬಡಾವಣೆಯ ಪುಟ್ಟ ಕೊಳವಿರಲಿ, ತಾಯಿತಂದೆಯರು ದಡದಲ್ಲಿ ಕುಳಿತೇ ಮಾಡಬಹುದಾದ ಪರೀಕ್ಷೆಯೊಂದಿದೆ. ತಿಂಗಳ ಮೊದಲಲ್ಲಿ ಮಗು ಬರಿಗೈಯಲ್ಲಿ ೫೦ ಮೀಟರ್ ಈಜಲಿ. ಎಷ್ಟು ಸೆಕೆಂಡು, ಎಷ್ಟು ಕೈಬೀಸು ಎಂದು ಎಣಿಸಿ ಬರೆದಿಡಿ. ತಿಂಗಳ ಕೊನೆಗೆ ಮತ್ತೆ ಹಾಗೆಯೇ ಎಣಿಸಿ. ಕಾಲ ಹೆಚ್ಚದೆ ಕೈಬೀಸು ಕಡಿಮೆಯಾಗಿದ್ದರೆ ಸಲಕರಣೆ ಕಲಿಸಿದೆ ಎಂದರ್ಥ. ಫಿನ್ಸ್ ಹಾಕಿದಾಗ ಮಾತ್ರ ವೇಗವಾಗಿ, ಬಿಚ್ಚಿದೊಡನೆ ಮೊದಲಿನಂತೆಯೇ ಆದರೆ, ಹೊಸದನ್ನು ಕೊಳ್ಳುವ ಮೊದಲು ಗುರುವಿನೊಡನೆ ಮಾತಾಡಿ. ಪ್ರತಿ ಅಭ್ಯಾಸದ ಕೊನೆಗೂ ಸ್ವಲ್ಪ ದೂರ ಬರಿಗೈಯಲ್ಲಿ ಈಜಿಸುವುದು ಒಳ್ಳೆಯದು.

ಮೊದಲಿಗೆ ಒಳ್ಳೆಯ ಕನ್ನಡಕ, ಒಂದು ಕಿಕ್‌ಬೋರ್ಡು ಸಾಕು. ಉಳಿದವನ್ನು ಗುರು ಕಾರಣ ಹೇಳಿ ಕೇಳಿದಾಗ ಒಂದೊಂದಾಗಿ ಕೊಳ್ಳಿರಿ. ಕೊಳದ ಗೋಡೆಯ ಗಡಿಯಾರಕ್ಕೂ ಎಣಿಸುವ ತಾಯಿಯ ಕಣ್ಣಿಗೂ ಬೆಲೆಚೀಟಿ ಇಲ್ಲ. ಅವನ್ನು ಮೊದಲು ಬಳಸಿಕೊಳ್ಳೋಣ.