ಮಾತು ತಡವಾದರೆ ಕಿವಿ ತೋರಿಸಿ, ಕನ್ನಡ ನಿಲ್ಲಿಸಬೇಡಿ

ಡೊಂಬಿವಲಿ, ಕಲ್ಯಾಣ, ಥಾಣೆ, ನವಿ ಮುಂಬಯಿಯ ಅಪ್ಪ ಅಮ್ಮಂದಿರೇ, ಅಜ್ಜ ಅಜ್ಜಿಯರೇ,

ಎರಡೂಕಾಲು ವರ್ಷವಾದರೂ ನನ್ನ ಮೊಮ್ಮಗನ ಬಾಯಲ್ಲಿ ನಾಲ್ಕೈದೇ ಮಾತು. ನೀರು ಬೇಕಾದರೆ ನನ್ನ ಸೆರಗು ಹಿಡಿದು ಅಡುಗೆಮನೆಗೆ ಎಳೆದೊಯ್ಯುತ್ತಿದ್ದ. ನರ್ಸರಿಯಲ್ಲಿ ಹೇಳಿದರು: “ಮನೆಯಲ್ಲಿ ಕನ್ನಡ, ಮಕ್ಕಳನ್ನು ನೋಡಿಕೊಳ್ಳುವ ಪಾಳಣಾಘರದಲ್ಲಿ ಮರಾಠಿ, ಇಲ್ಲಿ ಇಂಗ್ಲಿಷ್. ಮಗುವಿಗೆ ಗೊಂದಲ ಆಗ್ತಿದೆ. ಮನೆಯಲ್ಲೂ ಇಂಗ್ಲಿಷೇ ಮಾತಾಡಿ.”

ಮಗ ಸೊಸೆ ಬೆಳಿಗ್ಗೆ ಲೋಕಲ್ ಹಿಡಿದರೆ ಮನೆ ಸೇರುವುದು ರಾತ್ರಿ ಎಂಟರ ಮೇಲೆ. ಸಂಜೆಯೆಲ್ಲ ಅವನ ಜೊತೆ ಇರುವವಳು ನಾನು. ನನಗೆ ಇಂಗ್ಲಿಷ್ ಬಾರದು. ಮೂರು ತಿಂಗಳು ಬಾಯಿ ಮುಚ್ಚಿಕೊಂಡು ಬಟಾಣಿ ಸುಲಿದೆ. ಅವನು ಒಂದು ಕಾಳು ಎತ್ತಿ ನನ್ನ ಮುಖ ನೋಡಿದರೆ, “ಬಟಾಣಿ ಕಣೋ” ಅನ್ನಲಿಕ್ಕೂ ಹೆದರಿ ತಲೆಯಾಡಿಸಿದೆ. ಆ ಸಂಜೆಗಳಲ್ಲಿ ಅವನಿಗೆ ಇಂಗ್ಲಿಷೂ ಸಿಗಲಿಲ್ಲ, ಕನ್ನಡವೂ ಸಿಗಲಿಲ್ಲ.

ಕೊನೆಗೆ ಕಿವಿ ಪರೀಕ್ಷೆ ಮಾಡಿಸಿದೆವು. ಪದೇ ಪದೇ ನೆಗಡಿಯಾಗಿ ಎರಡೂ ಕಿವಿಯ ತಮಟೆಯ ಹಿಂದೆ ನೀರು ನಿಂತಿತ್ತು. ಕುಕ್ಕರ್ ಸೀಟಿಗೆ ಬೆಚ್ಚುತ್ತಿದ್ದನಲ್ಲ, ಚೆನ್ನಾಗಿ ಕೇಳುತ್ತದೆ ಅಂದುಕೊಂಡಿದ್ದೆವು. ಮಾತಿನ ಮೆಲುಸದ್ದು ಅವನಿಗೆ ಸರಿಯಾಗಿ ಮುಟ್ಟುತ್ತಲೇ ಇರಲಿಲ್ಲ.

ಎರಡು ಮೂರು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗುತ್ತದೆ ಎಂಬುದು ಸುಳ್ಳು. ವಾಕ್ ತಜ್ಞರು ಇದನ್ನು ಎಂದೋ ಕೈಬಿಟ್ಟಿದ್ದಾರೆ. ಆಟಿಸಂ, ಡೌನ್ ಸಿಂಡ್ರೋಮ್ ಇರುವ ಮಕ್ಕಳೂ ಎರಡು ಭಾಷೆ ಕಲಿಯಬಲ್ಲರು. ಎಣಿಸುವಾಗ ಎಲ್ಲ ಭಾಷೆಯ ಮಾತುಗಳನ್ನೂ ಕೂಡಿಸಿ: ಮಗು “ಬಾ” ಅಂದದ್ದೂ ಲೆಕ್ಕ, “ಪಾಣಿ” ಅಂದದ್ದೂ ಲೆಕ್ಕ. ತುಳು, ಕೊಂಕಣಿ ಆಡುವ ಮನೆಗಳಿಗೂ ಇದೇ ಮಾತು. ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮಗುವಿನ ಜೊತೆ ಧಾರಾಳವಾಗಿ ಮಾತಾಡಿ.

ಆದರೆ ಕಾಯುತ್ತಾ ಕೂರಬೇಡಿ. ವರ್ಷ ತುಂಬಿದರೂ ಹೆಸರು ಕರೆದರೆ ತಿರುಗದಿದ್ದರೆ, ಬೆರಳು ತೋರಿಸದಿದ್ದರೆ, ಒಂದೂವರೆ ವರ್ಷಕ್ಕೂ ಒಂದೇ ಒಂದು ಮಾತು ಬರದಿದ್ದರೆ, ಎರಡು ವರ್ಷಕ್ಕೆ “ಅಮ್ಮ ಬಾ” ಎಂಬಂತೆ ಎರಡು ಪದ ಜೋಡಿಸದಿದ್ದರೆ, ಬಂದ ಮಾತು ಯಾವ ವಯಸ್ಸಿನಲ್ಲೇ ಆಗಲಿ ನಿಂತುಹೋದರೆ, ಆ ವಾರವೇ ತೋರಿಸಿ. ಮೂರು ವರ್ಷದ ಮಗು “ರೈಲು” ಎನ್ನಲು “ಲೈಲು” ಅಂದರೆ ಚಿಂತೆ ಬೇಡ, ‘ರ’ ನಿಧಾನವಾಗಿ ಬರುತ್ತದೆ.

“ಅವನಪ್ಪನೂ ತಡವಾಗೇ ಮಾತಾಡಿದ್ದು” ಎಂದು ನಾನೂ ಹೇಳಿದವಳೇ. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಿದವಳೂ ನಾನೇ. ಬಜೆಯಿಂದ ಕಿವಿಯ ನೀರು ಇಳಿಯುವುದಿಲ್ಲ. ವರ್ಷ ತುಂಬದ ಕೂಸಿಗಂತೂ ಜೇನು ಅಪಾಯ, ದಯವಿಟ್ಟು ಕೊಡಬೇಡಿ. ಮೊಬೈಲೂ ಮಾತು ಕಲಿಸುವುದಿಲ್ಲ. ಮಗುವಿನ ಮಾತಿಗೆ ಕಾದು ಉತ್ತರ ಕೊಡುವುದು ಅದಕ್ಕೆ ಗೊತ್ತಿಲ್ಲ.

ಎಲ್ಲಿ ತೋರಿಸುವುದು ಅಂತೀರಾ? ಬಾಂದ್ರಾದಲ್ಲಿ ಕೇಂದ್ರ ಸರಕಾರದ ಅಲಿ ಯಾವರ್ ಜಂಗ್ ವಾಕ್ ಶ್ರವಣ ಸಂಸ್ಥೆ 1983ರಿಂದ ಇದೆ. ಡೊಂಬಿವಲಿ, ಥಾಣೆಯವರು ದಾದರಿನಲ್ಲಿ, ವಾಶಿಯವರು ವಡಾಲಾದಲ್ಲಿ ಗಾಡಿ ಬದಲಿಸಿದರಾಯಿತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಕಿವುಡು, ಮಾತಿನ ವಿಳಂಬ ಎರಡರ ತಪಾಸಣೆಯೂ ಸೇರಿದೆ. ಅಂಗನವಾಡಿಯಲ್ಲಿ, ಸರಕಾರಿ ಆಸ್ಪತ್ರೆಯಲ್ಲಿ ಕೇಳಿ. ರಜೆಗೆ ಊರಿಗೆ ಹೋಗುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿ ಕನ್ನಡದಲ್ಲೇ ಪರೀಕ್ಷಿಸುತ್ತಾರೆ. ಖಾಸಗಿಯಾಗಿ ತೋರಿಸುವುದಾದರೆ ಥೆರಪಿಸ್ಟರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಅವರಿಗೆ ಕನ್ನಡ ಬಾರದಿದ್ದರೂ ಅವರು ಹೇಳಿಕೊಟ್ಟ ಆಟಗಳನ್ನು ಮನೆಯಲ್ಲಿ ಕನ್ನಡದಲ್ಲಿ ಆಡಿಸಬಹುದು.

ಶಾಲೆಯವರಲ್ಲಿ ಒಂದು ಬೇಡಿಕೆ: ಭಾಷೆ ಬಿಡಿ ಎನ್ನುವ ಮೊದಲು ಕಿವಿ ಪರೀಕ್ಷೆ ಆಗಿದೆಯೇ ಎಂದು ಕೇಳಿ. ನಮ್ಮ ಕನ್ನಡ ಸಂಘಗಳಲ್ಲಿ ಇನ್ನೊಂದು: ಯಕ್ಷಗಾನ, ರಕ್ತದಾನ ಶಿಬಿರಗಳನ್ನು ಅಷ್ಟು ಚೆನ್ನಾಗಿ ನಡೆಸುವ ನೀವು, ವರ್ಷಕ್ಕೊಂದು ಭಾನುವಾರ ಐದು ವರ್ಷದೊಳಗಿನ ಮಕ್ಕಳ ಕಿವಿ ತಪಾಸಣೆಗೆ ಸಭಾಗೃಹ ಬಿಟ್ಟುಕೊಡಿ. ಮಕ್ಕಳನ್ನು ಕರೆತರಲು ಕಟ್ಟಡ ಕಟ್ಟಡಕ್ಕೂ ಹೋಗಿ ಹೇಳಿ ಬರಲು ನಾನು ಸಿದ್ಧಳಿದ್ದೇನೆ.